ಖಾಲಿ ಕೋಣೆಯಲ್ಲೂ ಎದ್ದಿರುವ ಸ್ವಿಚ್ಚು

ಕಂಪ್ಯೂಟರ್ ಕೋಣೆಯ ಸ್ವಿಚ್ಚು ಕೆಟ್ಟಿದೆ, ಹೊಸದು ಹಾಕಿಸಿ ಎಂದು ಹೇಳಿ ಹೋದರು ರಿಪೇರಿಗೆ ಬಂದವರು. ಅವರಿಗೆ ಸಿಕ್ಕ ಕಾರಣ ಒಂದೇ ಒಂದು ಸಂಖ್ಯೆ. ಬೇಸಿಗೆ ರಜೆ, ಮಕ್ಕಳಿಲ್ಲ, ನೋಡಲೆಂದು ಹಚ್ಚಿದ ಒಂದನ್ನು ಬಿಟ್ಟರೆ ಯಾವ ಕಂಪ್ಯೂಟರೂ ನಡೆಯುತ್ತಿಲ್ಲ. ಆದರೂ ಸ್ವಿಚ್ಚಿನ ಪ್ರೊಸೆಸರ್ ಶೇ. 22ರಷ್ಟು ಕೆಲಸದಲ್ಲಿದೆ ಎಂದು ತೋರಿಸುತ್ತಿತ್ತು. ಅಂಚೆಟ್ಟಿ ಕಡೆಯ ನಮ್ಮಂಥ ಕನ್ನಡ ಶಾಲೆಯಲ್ಲಿ ಹೊಸದಕ್ಕೆ ಹಣ ಎಲ್ಲಿಂದ ಬರಬೇಕು? ಪೋಷಕರು ಕೂಡಿಸಿಕೊಟ್ಟ ದುಡ್ಡಿತ್ತು ನಿಜ, ಆದರೆ ಅದು ಬೆಂಗಳೂರಿನಿಂದ ಕನ್ನಡ ಪುಸ್ತಕ ತರಲೆಂದು ಇಟ್ಟದ್ದು. ಅದನ್ನು ಮುಟ್ಟುವ ಮೊದಲು ಈ ಶೇ. 22ನ್ನು ಯಾರು ತಿನ್ನುತ್ತಿದ್ದಾರೆ ನೋಡೋಣ ಎಂದು ನಾವು ಮೂವರು ಶಿಕ್ಷಕರು ಕುಳಿತೆವು.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುವುದು ಸ್ವಿಚ್ಚಿನ ಪ್ರೊಸೆಸರ್ ಅಲ್ಲ. ಅದಕ್ಕೆಂದೇ ಬೇರೆ ಚಿಪ್ ಇದೆ. ಯಾವ ಯಂತ್ರ ಯಾವ ಪೋರ್ಟಿನಲ್ಲಿದೆ ಎಂಬ ಪಟ್ಟಿ ನೋಡಿ ಅದೇ ಕಳಿಸಿಬಿಡುತ್ತದೆ. ಹಾಗಾಗಿ ಕೋಣೆ ತುಂಬ ಮಕ್ಕಳಿದ್ದರೂ ಖಾಲಿಯಿದ್ದರೂ ಪ್ರೊಸೆಸರಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಪ್ರೊಸೆಸರಿನದು ಕಾವಲಿನ ಕೆಲಸ. ನಮ್ಮ ಕಡೆ ರಾಗಿ ತೆನೆ ಬಂದಾಗ ಆನೆ ಕಾಯುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆನೆ ಬರಲಿ ಬಿಡಲಿ, ಅಟ್ಟಣೆಯ ಮೇಲೆ ರಾತ್ರಿಯಿಡೀ ಎದ್ದಿರಬೇಕು, ಆಗಾಗ ಬ್ಯಾಟರಿ ಬಿಟ್ಟು ಹೊಲದ ನಾಲ್ಕೂ ಬದಿ ನೋಡಬೇಕು. ಬೆಳಿಗ್ಗೆ "ಆನೆ ಬರಲೇ ಇಲ್ಲವಲ್ಲ, ಸೆಲ್ಲು ಹೇಗೆ ಖಾಲಿಯಾಯಿತು?" ಎಂದು ಕೇಳುವವರುಂಟೇ!

ನಮ್ಮದು ಸಿಸ್ಕೋ ಕ್ಯಾಟಲಿಸ್ಟ್ 2960 ಸಾಲಿನ ಹಳೆಯ ಸ್ವಿಚ್ಚು, 48 ಪೋರ್ಟಿನದು. 'ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್' ಎಂದು ಆಜ್ಞೆ ಕೊಟ್ಟರೆ ಹೆಚ್ಚು ತಿನ್ನುವ ಕೆಲಸ ಪಟ್ಟಿಯ ಮೇಲೆ ಬರುತ್ತದೆ. ಬಂದದ್ದು 'ಹಲ್ಕ್ ಎಲ್‌ಇಡಿ ಪ್ರೊಸೆಸ್'. ಪೋರ್ಟುಗಳನ್ನು ಒಂದೊಂದಾಗಿ ಸುತ್ತಿ, ಕೇಬಲ್ ಇದೆಯೇ ಇಲ್ಲವೇ ನೋಡಿ, ದೀಪ ಹಚ್ಚುವ ಆರಿಸುವ ಕೆಲಸ ಅದರದು. ಕೇಬಲ್ ಇಲ್ಲದ ಪೋರ್ಟನ್ನೂ ನೋಡಲೇಬೇಕಲ್ಲ? ಈ ಸಾಲಿನ ಸ್ವಿಚ್ಚುಗಳಲ್ಲಿ ಇದು ಸಹಜ, ರೋಗವಲ್ಲ. ಪುಸ್ತಕದ ದುಡ್ಡು ಪುಸ್ತಕಕ್ಕೇ ಉಳಿಯಿತು.

ಹಾಗೆಂದು ಸಂಖ್ಯೆಯನ್ನು ಕಡೆಗಣಿಸಿ ಎಂದಲ್ಲ. ಪಟ್ಟಿಯ ತಲೆಯಲ್ಲಿ 22/0 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಒಟ್ಟು. ಎರಡನೆಯದೇ ಮುಖ್ಯ: ಹೊರಗಿನಿಂದ ಬಂದ ಪ್ಯಾಕೆಟ್ಟುಗಳು ನೇರ ಪ್ರೊಸೆಸರಿನ ಬಾಗಿಲನ್ನೇ ಬಡಿಯುತ್ತಿದ್ದರೆ ಅದು ಏರುತ್ತದೆ. ಅದು ಏರಿ, ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದು ಮಿನುಗಿದರೆ ಮೊದಲು ಕೇಬಲ್ ನೋಡಿ. ಯಾವನೋ ತುಂಟ ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಚುಚ್ಚಿದರೆ ಮಾಹಿತಿ ಗಾಣದೆತ್ತಿನಂತೆ ಅಲ್ಲೇ ಸುತ್ತತೊಡಗುತ್ತದೆ. ಇದನ್ನು ತಡೆಯುವ 'ಸ್ಪ್ಯಾನಿಂಗ್ ಟ್ರೀ' ಉಪಾಯವನ್ನು 1985ರಲ್ಲಿ ಕಂಡುಹಿಡಿದವರು ಅಮೆರಿಕದ ರೇಡಿಯಾ ಪರ್ಲ್‌ಮನ್ ಎಂಬ ಹೆಣ್ಣುಮಗಳು. (ಈ ಹೆಸರನ್ನು ನಮ್ಮ ಹುಡುಗಿಯರಿಗೆ ತಪ್ಪದೆ ಹೇಳಿ.) ಅಗ್ಗದ ಸಣ್ಣ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ, ಅಲ್ಲಿ ಕೇಬಲ್ಲಿನ ಮೇಲೆ ನಮ್ಮದೇ ಕಣ್ಣಿರಬೇಕು.

ನಿಮ್ಮ ಶಾಲೆಯಲ್ಲೂ ಇಂಥ ಸ್ವಿಚ್ಚಿದ್ದರೆ, ಎಲ್ಲವೂ ಸರಿಯಾಗಿ ನಡೆಯುತ್ತಿರುವ ಒಂದು ದಿನ ಆ ಎರಡು ಅಂಕಿಗಳನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆದಿಡಿ. ರಿಪೇರಿಯವರು ಬಂದಾಗ ತೆಗೆದು ತೋರಿಸಲು ಬೇಕಾಗುತ್ತದೆ.