ಅರ್ಧಕ್ಕೆ ನಿಂತ ಬಿರುಕು

ಹಜೀರಾದಲ್ಲಿ ಬಂಡೆಗಳಿಲ್ಲ. ತಾಪಿ ನದಿ ಕಡಲು ಸೇರುವ ಈ ಮೂಲೆಯಲ್ಲಿ ಅಗೆದಷ್ಟೂ ಹೂಳು. ಬೆಂಗಳೂರಿನಿಂದ ಬಂದಿದ್ದ ದೊಡ್ಡಮ್ಮ, "ಕೂತ್ಕೊಳ್ಳೋಕೆ ಒಂದು ಬಂಡೆನಾದ್ರೂ ಬೇಡ್ವೇನೋ ನಿಮ್ಮೂರಿಗೆ?" ಅಂದರು. ದಿನಾ ಲಾಲ್‌ಬಾಗಿನ ಬಂಡೆ ಹತ್ತುವವರು ಅವರು. ಕಾಲಡಿ ಸುಮಾರು 300 ಕೋಟಿ ವರ್ಷದ ಕಲ್ಲಿದ್ದವರ ಗತ್ತೇ ಬೇರೆ.

ಸಮುದ್ರದ ತಳಕ್ಕೆ ಅಷ್ಟು ಕಾಲ ಬಾಳುವ ಭಾಗ್ಯವಿಲ್ಲ. ಅದು ಭಾರದ ಬಸಾಲ್ಟು. ತಣಿದಂತೆಲ್ಲ ಭೂಮಿಯೊಳಕ್ಕೇ ಜಾರಿ ಹೋಗುತ್ತದೆ. 20 ಕೋಟಿ ವರ್ಷ ದಾಟಿದ ಕಡಲತಳ ಅಪರೂಪ. ಜಾರುವಾಗ ಅದು ಒಯ್ಯುವ ನೀರು ಮೇಲಿನ ಬಿಸಿ ಶಿಲೆಯನ್ನು ಕರಗಿಸುತ್ತದೆ. ಕರಗಿದ್ದರಲ್ಲಿ ಹಗುರವಾದದ್ದು ಸಾರಿನ ಮೇಲಿನ ಒಗ್ಗರಣೆಯ ಹಾಗೆ ತೇಲಿಬಂದು ಗಟ್ಟಿಯಾಗುತ್ತದೆ. ಮತ್ತೆ ಮುಳುಗೆಂದರೆ ಮುಳುಗದು. ಇಂಥ ಹಟಮಾರಿ ತುಂಡುಗಳು ಡಿಕ್ಕಿಯಾಗಿ ಬೆಸೆದುಕೊಂಡೇ ಭೂಖಂಡ ಬೆಳೆದದ್ದು. ಧಾರವಾಡ ಶಿಲಾಖಂಡದ ಪೂರ್ವ, ಪಶ್ಚಿಮ ಭಾಗಗಳು ಕೂಡಿಕೊಂಡ ಕಾಲಕ್ಕೇ, ಅಂದರೆ ಸುಮಾರು 250 ಕೋಟಿ ವರ್ಷದ ಹಿಂದೆ, ರಾಮನಗರದ ಗ್ರಾನೈಟು ಮೇಲೆದ್ದಿತು. 'ಶೋಲೆ' ಸಿನಿಮಾದ ಗಬ್ಬರ್ ಸಿಂಗ್ ಅಬ್ಬರಿಸಿದ್ದು ಆ ಬಂಡೆಗಳ ನಡುವೆ.

ನನಗೋ ಬೆಸುಗೆಗಿಂತ ಬಿರುಕಿನ ಕಥೆಯೇ ರುಚಿ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಹೊತ್ತಿನವು. ಪಾಲು ಪೂರ್ತಿಯಾಯಿತು, ನಡುವೆ ಸಾಗರ ಬಂತು. ನಮ್ಮ ಹಜೀರಾ ಇರುವ ಖಂಭಾತ ಕೊಲ್ಲಿಯಲ್ಲಿ ಹಾಗಾಗಲಿಲ್ಲ. 6.6 ಕೋಟಿ ವರ್ಷದ ಹಿಂದೆ ದಖನ್ನಿನ ಲಾವಾ ಹರಿದ ಆಸುಪಾಸಿನಲ್ಲಿ ಇಲ್ಲಿನ ನೆಲ ಹಿಗ್ಗಿ ಸೀಳಿತು, ಕುಸಿಯಿತು, ಆಮೇಲೆ ಅದ್ಯಾಕೋ ಸುಮ್ಮನಾಯಿತು. ವಿಜಯಪುರದ ಕರಿಮಣ್ಣಿಗೆ ತಾಯಿಯಾದ ಅದೇ ಲಾವಾ ಇಲ್ಲಿ ಹೂಳಿನಡಿ ಆಳದಲ್ಲಿ ಮಲಗಿದೆ. ಮೇಲೆ ಕಿಲೋಮೀಟರುಗಟ್ಟಲೆ ಕೆಸರು ಕೂತು, ಅದರಲ್ಲಿ ಸತ್ತ ಜೀವರಾಶಿ ಬೆಂದು ಎಣ್ಣೆಯಾಯಿತು. 1960ರಲ್ಲಿ ಅಂಕಲೇಶ್ವರದಲ್ಲಿ ಚಿಮ್ಮಿದ್ದು ಅದೇ.

ದೊಡ್ಡಮ್ಮನಿಗೆ ಇದನ್ನೆಲ್ಲ ವಿವರಿಸಿದೆ. "ಹಾಗಾದ್ರೆ ನೀವು ತೂತಿನ ಮೇಲೆ ಮನೆ ಕಟ್ಕೊಂಡಿದೀರಿ" ಅಂದರು. ತಪ್ಪೇನಿಲ್ಲ. ಆದರೆ ಹೂಳನ್ನು ಕೀಳಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಮಧ್ಯಪ್ರದೇಶದ ಮುಲ್ತಾಯಿಯಲ್ಲಿ ಹುಟ್ಟಿ 724 ಕಿಲೋಮೀಟರ್ ದೂರ ಬೆಟ್ಟ ಬಯಲುಗಳನ್ನು ತೇಯ್ದು ತರುವ ತಾಪಿ ಹೊಸ ಶಿಲೆಯನ್ನೇನೂ ಹುಟ್ಟಿಸುವುದಿಲ್ಲ. ಹಳೆಯದನ್ನೇ ತಂದು ಅಂಚಿಗೆ ಒಟ್ಟುತ್ತದೆ. ಉಕ್ಕಿನ ಕಾರ್ಖಾನೆ, ಬಂದರು ಎಲ್ಲ ಅದರ ಮೇಲೇ ನಿಂತಿವೆ.

ಬಿರುಕು ಹಟ ಹಿಡಿದು ಮುಂದುವರಿದಿದ್ದರೆ ಸೌರಾಷ್ಟ್ರವೂ ಮಡಗಾಸ್ಕರಿನ ದಾರಿ ಹಿಡಿಯುತ್ತಿತ್ತೇನೋ. ಈಗ ಕೊಲ್ಲಿಯ ಆಚೆ ದಡದ ಘೋಘಾಕ್ಕೆ 2020ರಿಂದ ಹಜೀರಾದ ಹಡಗಿದೆ, ಲಾರಿ ಕಾರುಗಳ ಸಮೇತ. ವಾಪಸ್ ಹೋಗುವ ಮುಂಚೆ ದೊಡ್ಡಮ್ಮನಿಗೆ ಅದರಲ್ಲೊಂದು ಟಿಕೆಟ್ ತೆಗೆಸಬೇಕಿದೆ.