ಉಸಿರಿನ ಲೆಕ್ಕ

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಅಂಕಿ ಇರುತ್ತದೆ: 22, 24, 20. ಅದು ನಮ್ಮ ಬೆಕ್ಕು ಕರಿಯನ ಉಸಿರು. ರಾತ್ರಿ ಅವನಿಗೆ ನಿದ್ದೆ ಹತ್ತಿದ ಮೇಲೆ ಪಕ್ಕೆ ಏರಿಳಿಯುವುದನ್ನು ಎಣಿಸುತ್ತೇನೆ. ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು. ಗುರುಗುಟ್ಟುತ್ತಿದ್ದರೆ ಎಣಿಸಿ ಪ್ರಯೋಜನವಿಲ್ಲ. ಕನಸು ಕಾಣುತ್ತ ಮೀಸೆ ಅದುರಿಸುತ್ತಿದ್ದರೂ ಇಲ್ಲ. 30 ದಾಟಿ, ಮತ್ತೆ ಎಣಿಸಿದಾಗಲೂ ಹಾಗೇ ಇದ್ದರೆ ಬೆಳಗಾಗುವ ತನಕ ಕಾಯಬೇಡಿ ಎಂದಿದ್ದಾರೆ ಡಾಕ್ಟರು.

ವರ್ಷದ ಲಸಿಕೆಗೆಂದು ಹೋದಾಗ ಅವನ ಎದೆಯಲ್ಲಿ ಅವರಿಗೊಂದು ಹೆಚ್ಚುವರಿ ಸದ್ದು ಕೇಳಿಸಿತ್ತು. ಆ ಸದ್ದೊಂದನ್ನೇ ನಂಬುವ ಹಾಗಿಲ್ಲವಂತೆ. ಸದ್ದಿದ್ದೂ ಹೃದಯ ಚೆನ್ನಾಗಿರುವ ಬೆಕ್ಕುಗಳಿವೆ, ಸದ್ದೇ ಇಲ್ಲದೆ ಕಾಯಿಲೆ ಇರುವವೂ ಇವೆ. ಎಕೋ ಮಾಡಿಸಿದೆವು. ಹೃದಯದ ಎಡಗಡೆಯ ಕೆಳಕೋಣೆಯ ಗೋಡೆ 6 ಮಿಲಿಮೀಟರ್ ಮುಟ್ಟಿದರೆ ದಪ್ಪ ಎಂದು ಲೆಕ್ಕ, ಇವನದು 7. ಮೇಲಿನ ಕೋಣೆ ಹಿಗ್ಗಿತ್ತು. ಬಿಪಿ, ಥೈರಾಯ್ಡ್ ಸರಿಯಿದ್ದವು. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದರು. ಬೆಕ್ಕುಗಳಲ್ಲಿ ಅತಿ ಸಾಮಾನ್ಯವಾದ ಹೃದಯದ ಕಾಯಿಲೆ ಇದೇ. ಮೇಯ್ನ್ ಕೂನ್ ಎಂಬ ದುಬಾರಿ ತಳಿಯಲ್ಲಿ ಇದಕ್ಕೆ ಸಂಬಂಧಿಸಿದ ಜೀನಿನ ದೋಷವೊಂದನ್ನು 2005ರಲ್ಲೇ ಗುರುತಿಸಿದ್ದಾರೆ. ನಮ್ಮ ಕರಿಯ ಮೋರಿ ಪಕ್ಕದಲ್ಲಿ ಸಿಕ್ಕವನು.

ನಾಯಿಯಾದರೆ ಎಷ್ಟೋ ಸಲ ಕೆಮ್ಮಿ ತಿಳಿಸುತ್ತದೆ. ಬೆಕ್ಕು ಹೃದಯದ ಕಾಯಿಲೆಗೆ ಕೆಮ್ಮುವುದು ಅಪರೂಪ. ಒಂದಿಷ್ಟು ಹೆಚ್ಚು ಮಲಗುತ್ತದೆ, ಕಪಾಟು ಹತ್ತುವುದನ್ನು ಬಿಡುತ್ತದೆ, ಅಷ್ಟೆ. ಬಾಯಿ ತೆರೆದು ಏದುಸಿರು ಬಿಡುವ ಹೊತ್ತಿಗೆ ಶ್ವಾಸಕೋಶದಲ್ಲೋ ಅದರ ಸುತ್ತಲೋ ನೀರು ತುಂಬಿರಬಹುದು. ಇಷ್ಟು ಗುಟ್ಟಿನ ಪ್ರಾಣಿಯನ್ನು ಸಾಕಿದವರಿಗೆ ಎಣಿಕೆ ಬಿಟ್ಟರೆ ಬೇರೆ ದಾರಿ ಕಡಿಮೆ.

ಈಗ ದಿನಕ್ಕೆ ಕಾಲು ಮಾತ್ರೆ ಕ್ಲೋಪಿಡೋಗ್ರೆಲ್. ಅಜ್ಜನಿಗೆ ಸ್ಟೆಂಟ್ ಹಾಕಿದ ಮೇಲೆ ಬರೆದುಕೊಟ್ಟಿದ್ದ ಅದೇ ಮಾತ್ರೆ. ಹಿಗ್ಗಿದ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಡುವುದು. ಗೋಡೆ ದಪ್ಪವಾಗುವುದನ್ನು ಅದು ತಡೆಯುವುದಿಲ್ಲ. ಕಹಿ ಎಂದರೆ ಕಹಿ. ನಾಲಿಗೆಗೆ ತಾಕಿದರೆ ಬಾಯಿ ತುಂಬ ನೊರೆ, ಆಮೇಲೆ ಅರ್ಧ ದಿನ ಮಂಚದ ಕೆಳಗೆ. ಅದಕ್ಕೇ ಖಾಲಿ ಕ್ಯಾಪ್ಸೂಲಿನೊಳಗೆ ಹಾಕಿ ನುಂಗಿಸಿ, ಹಿಂದೆಯೇ ಸಿರಿಂಜಿನಲ್ಲಿ ಒಂದಿಷ್ಟು ನೀರು.

ಹೆಪ್ಪುಗಟ್ಟಿದ ರಕ್ತ ಹರಿದುಹೋಗಿ, ಹಿಂಗಾಲುಗಳಿಗೆ ರಕ್ತನಾಳ ಕವಲೊಡೆಯುವ ಕಡೆ ಸಿಕ್ಕಿಕೊಂಡರೆ ಕಾಲು ಒಮ್ಮೆಲೇ ಸ್ವಾಧೀನ ತಪ್ಪಿ ತಣ್ಣಗಾಗುತ್ತದೆ. ಬೆಕ್ಕು ನೋವಿಗೆ ಕಿರುಚುತ್ತದೆ. ಡಾಕ್ಟರು ಇದನ್ನು ಹೇಳುವಾಗ ಅಮ್ಮನೂ ಇದ್ದಳು. "ಬೀದಿ ಬೆಕ್ಕಿಗೂ ಎಕೋನಾ?" ಎಂದಿದ್ದವಳು ಈಗ ಬೆಳಿಗ್ಗೆ ಕಾಫಿಗೆ ಮುಂಚೆ ಅವನ ಹಿಂಗಾಲು ಮುಟ್ಟಿ ನೋಡುತ್ತಾಳೆ. "ಬೆಚ್ಚಗಿದೆ ಕಣೇ" ಎನ್ನುತ್ತಾಳೆ, ನಾನು ಕೇಳದಿದ್ದರೂ.