ಒಂದು ಹೂಕುಂಡ ಕಲಿಸಿದ ಪಾಠ

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಆಗ್ರಹಪಡಿಸಿದಾಗ ನಾನು ಬಹಳ ಹಿಂಜರಿದೆ. ಈ ಶಾಲೆಯಲ್ಲಿಯೇ ಓದಿ, ಇಲ್ಲಿಯೇ 33 ವರ್ಷ ವಿಜ್ಞಾನ ಶಿಕ್ಷಕನಾಗಿ ದುಡಿದು, 2012ರಲ್ಲಿ ನಿವೃತ್ತನಾದ ನನಗೆ ಹೇಳುವ ಸಂಗತಿಗಳಿಗೇನೂ ಕೊರತೆಯಿಲ್ಲ. ಆದರೆ ಸಂಸ್ಥೆಯ ಹಿರಿಮೆಯನ್ನು ನನಗಿಂತ ಸಮರ್ಥವಾಗಿ ಬರೆಯಬಲ್ಲವರು ಅನೇಕರಿದ್ದಾರೆ. ಆದುದರಿಂದ ನಾನು ಒಂದು ಹೂಕುಂಡದ ಕಥೆಯನ್ನು ಹೇಳಬಯಸುತ್ತೇನೆ. ಕೊನೆಗೆ ಅದು ಶಾಲೆಯ ಕಥೆಯೇ ಆಗಿರುವುದನ್ನು ವಾಚಕರು ಮನಗಾಣುವರೆಂದು ನಂಬಿದ್ದೇನೆ.

2016ರಲ್ಲಿ ನನ್ನ ಧರ್ಮಪತ್ನಿಯ ಚಿಕಿತ್ಸೆಯ ನಿಮಿತ್ತ ನಾವು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರಬೇಕಾಗಿತ್ತು. ಒಂದು ಸಲ ಆಸ್ಪತ್ರೆಯಿಂದ ಮರಳುವಾಗ ಆಕೆ ರಸ್ತೆಬದಿಯ ಸಸಿ ಮಾರುವವರಲ್ಲಿ ಒಂದು ಪುಟ್ಟ ಗಿಡವನ್ನು ಕಂಡು ನಿಂತಳು. ಅಂಗೈಯಷ್ಟು ಅಗಲದ ಕುಂಡ. ಅದರಲ್ಲಿ ಸುತ್ತಲೂ ಹರಡಿದ, ಮಖಮಲ್ಲಿನಂತಹ ಮೃದುವಾದ ಎಲೆಗಳು. ನಡುವೆ ನೇರಳೆ ಬಣ್ಣದ ಆರೇಳು ಹೂಗಳು. ಹೆಸರು ಕೇಳಿದಾಗ ಮಾರುವವನು ‘ಆಫ್ರಿಕನ್ ವಯಲೆಟ್’ ಎಂದನು. ರಾತ್ರಿಯೆಲ್ಲ ಬಸ್ಸಿನಲ್ಲಿ ಆ ಕುಂಡವನ್ನು ಆಕೆ ತೊಡೆಯ ಮೇಲಿಟ್ಟುಕೊಂಡೇ ಬಂದಳು. ನಮ್ಮ ಮನೆಯ ಪಡಸಾಲೆಯ ಮೂಡಣ ಕಿಟಕಿ ಅದರ ನೆಲೆಯಾಯಿತು. ಒಂದೂವರೆ ವರ್ಷ ಆಕೆಯ ಕೈಯಲ್ಲಿ ಅದು ಹೂ ಬಿಡುತ್ತಲೇ ಇದ್ದಿತು.

2017ರ ಅಕ್ಟೋಬರಿನಲ್ಲಿ ಆಕೆ ಲಿಂಗೈಕ್ಯಳಾದಳು. ಬರಿದಾದ ಮನೆಯಲ್ಲಿ ನನ್ನ ಪಾಲಿಗೆ ಉಳಿದದ್ದು ಆ ಕುಂಡವೊಂದೇ ಎಂಬಂತೆ ನಾನು ಅದರ ಸೇವೆಗೆ ನಿಂತೆ. ಚಿಕ್ಕದಾಯಿತೆಂದು ದೊಡ್ಡ ಕುಂಡಕ್ಕೆ ಬದಲಿಸಿದೆ. ನಮ್ಮ ಹೊಲದ ಎರೆಮಣ್ಣಿಗಿಂತ ಉತ್ತಮವಾದ ಮಣ್ಣುಂಟೇ ಎಂದುಕೊಂಡು ಅದನ್ನೇ ತರಿಸಿ ತುಂಬಿದೆ. ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರೆರೆದೆ. ಮೂರು ವಾರಗಳಲ್ಲಿ ಎಲೆಗಳು ಜೋತುಬಿದ್ದವು. ಬಾಯಾರಿದೆಯೆಂದು ಭಾವಿಸಿ ಇನ್ನಷ್ಟು ನೀರು ಹಾಕಿದೆ. ಎಲೆಗಳು ಮತ್ತಷ್ಟು ಬಾಡಿದವು. ಸಸ್ಯಶಾಸ್ತ್ರವನ್ನು ಬೋಧಿಸಿದವನು ನಾನು; ಆದರೂ ನನಗೆ ಏನೂ ತೋಚಲಿಲ್ಲ.

ಒಂದು ದಿನ ನಮ್ಮ ಶಾಲೆಯ ಹಳೆಯ ಮಾಲಿ ನನ್ನನ್ನು ಮಾತನಾಡಿಸಲು ಬಂದವನು ಕುಂಡವನ್ನು ನೋಡಿ, ಬೆರಳನ್ನು ಮಣ್ಣಿಗೆ ಊರಿ, ಮೂಗಿನ ಹತ್ತಿರ ಹಿಡಿದು ಹೇಳಿದನು: “ಸರ್, ಇದು ನೀರಿಲ್ಲದ ಬಾಡಿಲ್ರಿ. ನೀರು ಹೆಚ್ಚಾಗಿ ಬೇರು ಕೊಳತಾವ. ಈ ಗಿಡ ಯಾವ ಸೀಮಿದು? ಅದನ್ನ ತಿಳಕೊಂಡು ಹಚ್ಚಿದ್ರ ಚಲೋ ಇತ್ತು.”

ಅವನ ಮಾತು ನನ್ನನ್ನು ನಾಚಿಸಿತು. ಎರೆಮಣ್ಣು ಹತ್ತಿಗೆ, ಜೋಳಕ್ಕೆ ತಾಯಿ. ನೀರನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಗುಣ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಸದಾ ತೊಯ್ದ ಮಣ್ಣಿನಲ್ಲಿ ಗಾಳಿಗೆ ಎಡೆಯಿರುವುದಿಲ್ಲ. ನವಿರಾದ ಬೇರುಗಳು ಸತ್ತು ಕೊಳೆಯುತ್ತವೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ನೀರಿನ ನಡುವೆಯೇ ನಿಂತ ಗಿಡ ಬಾಯಾರಿದಂತೆ ಬಾಡುತ್ತದೆ. ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ ಪಾಠವೇ ಇದು.

‘ಯಾವ ಸೀಮೆಯದು?’ ಎಂಬ ಪ್ರಶ್ನೆಗೆ ಆಗ ಉತ್ತರ ಹುಡುಕಿದೆ. ಪೂರ್ವ ಆಫ್ರಿಕದ ಟಾಂಜಾನಿಯ ದೇಶದ ಈಶಾನ್ಯ ಭಾಗದಲ್ಲಿ, ಹಿಂದೂ ಮಹಾಸಾಗರದ ತೀರಕ್ಕೆ ಸಮೀಪದಲ್ಲಿ, ಉಸಾಂಬರ ಎಂಬ ಪರ್ವತಶ್ರೇಣಿಯಿದೆ. ಕಡಲ ಮೇಲಿಂದ ಬರುವ ಮೋಡಗಳು ಆ ಬೆಟ್ಟಗಳಿಗೆ ತಾಗಿ ಮಳೆಯನ್ನೂ ಮಂಜನ್ನೂ ಸುರಿಸುತ್ತವೆ. ಅಲ್ಲಿಯ ದಟ್ಟ ಕಾಡಿನ ನೆರಳಿನಲ್ಲಿ, ತೊರೆಗಳ ಬದಿಯ ಬಂಡೆಗಳ ಮೇಲೆ, ಹಾವಸೆ ಹಿಡಿದ ಬಿರುಕುಗಳಲ್ಲಿ ಈ ಗಿಡ ಬೆಳೆಯುತ್ತದೆ. ಅದರ ಬೇರಿಗೆ ಸಿಗುವುದು ಹಿಡಿಯಷ್ಟು ಎಲೆಗೊಬ್ಬರ ಮಾತ್ರ. ಬಿದ್ದ ನೀರು ಕಲ್ಲಿನ ಮೇಲಿಂದ ಇಳಿದುಹೋಗುತ್ತದೆ. ತಂಪು ಮಾತ್ರ ಉಳಿಯುತ್ತದೆ.

ಆ ನಾಡು ಜರ್ಮನರ ಆಳ್ವಿಕೆಯಲ್ಲಿದ್ದಾಗ, 1892ರಲ್ಲಿ, ಉಸಾಂಬರ ಜಿಲ್ಲೆಯ ಅಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್-ಇಲೇರ್ ಎಂಬವರು ಈ ಗಿಡವನ್ನು ಕಂಡು ಜರ್ಮನಿಯಲ್ಲಿದ್ದ ತಮ್ಮ ತಂದೆಗೆ ಕಳುಹಿಸಿದರು. ತಂದೆಯಿಂದ ಅದು ಹ್ಯಾನೋವರ್ ನಗರದ ಹೆರೆನ್‌ಹೌಸನ್ ಉದ್ಯಾನದ ಹರ್ಮನ್ ವೆಂಡ್ಲಾಂಡ್ ಅವರನ್ನು ತಲುಪಿತು. ವೆಂಡ್ಲಾಂಡರು 1893ರಲ್ಲಿ ಅದಕ್ಕೆ ‘ಸೇಂಟ್‌ಪಾಲಿಯ ಅಯೊನಾಂತ’ ಎಂದು ನಾಮಕರಣ ಮಾಡಿದರು. ಮೊದಲ ಪದ ಆ ತಂದೆಮಕ್ಕಳ ನೆನಪಿಗೆ. ಎರಡನೆಯದಕ್ಕೆ ವಯಲೆಟ್ಟಿನಂತಹ ಹೂವುಳ್ಳದ್ದು ಎಂದರ್ಥ. ವಾಸ್ತವದಲ್ಲಿ ಯುರೋಪಿನ ವಯಲೆಟ್ಟಿಗೂ ಇದಕ್ಕೂ ಕುಲಸಂಬಂಧವಿಲ್ಲ. 2015ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ‘ಸ್ಟ್ರೆಪ್ಟೊಕಾರ್ಪಸ್’ ಎಂಬ ಜಾತಿಗೆ ಸೇರಿಸಿದರು. 1920ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಬೆಳೆಗಾರರು ಇದರ ತಳಿಗಳನ್ನು ಅಭಿವೃದ್ಧಿಪಡಿಸಿದ ಮೇಲೆ ಇದು ಲೋಕದ ಕಿಟಕಿಗಳನ್ನೆಲ್ಲ ಅಲಂಕರಿಸಿತು. ಆದರೆ ಇದರ ತವರಿನಲ್ಲಿ ಕಾಡು ಕಡಿದಂತೆಲ್ಲ ನೆರಳು ಹೋಗಿ, ಕಾಡಿನ ಗಿಡ ವಿರಳವಾಗುತ್ತ ಬಂದಿದೆ. ಪೂರ್ವ ಉಸಾಂಬರದ ಅಮಾನಿಯಲ್ಲಿ 1997ರಲ್ಲಿ ಒಂದು ಸಂರಕ್ಷಿತ ನಿಸರ್ಗಧಾಮವನ್ನು ಸ್ಥಾಪಿಸಲಾಯಿತು.

ಇಷ್ಟನ್ನು ತಿಳಿದ ಬಳಿಕ ಆರೈಕೆಯ ವಿಧಾನವೆಲ್ಲ ತಾನಾಗಿಯೇ ಸ್ಪಷ್ಟವಾಯಿತು. ನನ್ನ ಗಿಡದ ಬೇರು, ನಡುಸುಳಿ ಎರಡೂ ಕೊಳೆತುಹೋಗಿದ್ದವು. ಗಟ್ಟಿಯಾಗಿ ಉಳಿದಿದ್ದುದು ಒಂದೇ ಎಲೆ. ಮಾಲಿಯ ಸಲಹೆಯಂತೆ ಅದನ್ನು ಒಂದಂಗುಲ ತೊಟ್ಟಿನೊಡನೆ ಓರೆಯಾಗಿ ಕತ್ತರಿಸಿ, ತೆಂಗಿನ ನಾರಿನ ಪುಡಿ ಮತ್ತು ತೊಳೆದ ಮರಳನ್ನು ಬೆರೆಸಿದ ಪುಟ್ಟ ಬಟ್ಟಲಲ್ಲಿ ನೆಟ್ಟು, ಮೇಲೆ ಗಾಜಿನ ಭರಣಿಯನ್ನು ಬೋರಲು ಹಾಕಿದೆವು. ಎರಡು ತಿಂಗಳು ಏನೂ ಕಾಣಲಿಲ್ಲ. ಕಿತ್ತು ನೋಡಬೇಕೆಂಬ ಆಸೆಯನ್ನು ಬಹು ಕಷ್ಟದಿಂದ ಹತ್ತಿಕ್ಕಿದೆ. ಹತ್ತನೆಯ ವಾರ ತೊಟ್ಟಿನ ಬುಡದಲ್ಲಿ ಸಾಸಿವೆಯಷ್ಟು ಚಿಕ್ಕ ಎಲೆಗಳು ಇಣುಕಿದವು. ಒಂದೇ ಎಲೆಯಿಂದ ಐದು ಸಸಿಗಳಾದವು. ಮರುವರ್ಷ ಅವುಗಳಲ್ಲೊಂದು ಅದೇ ನೇರಳೆ ಹೂವನ್ನು ಬಿಟ್ಟಾಗ ನಾನು ಒಬ್ಬನೇ ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದೆ.

ಆಸಕ್ತರಿಗಾಗಿ ನನ್ನ ಅನುಭವದ ನಾಲ್ಕು ಮಾತು. ಕುಂಡ ಗಿಡದ ಹರವಿನ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು; ದೊಡ್ಡ ಕುಂಡದಲ್ಲಿ ತೇವ ಉಳಿದು ಬೇರು ಕೆಡುತ್ತದೆ. ಬೆಳಗಿನ ಎಳೆಬಿಸಿಲು ಹಿತ. ನಡುಹಗಲಿನ ಬಿಸಿಲು ಎಲೆಯನ್ನು ಸುಡುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆಗೆ ವಾಲುವುದಿಲ್ಲ. ನೀರನ್ನು ಎಲೆಗಳ ಮೇಲೆ ಸುರಿಯಬಾರದು. ತಣ್ಣೀರು ಬಿದ್ದಲ್ಲಿ ಹಳದಿ ಕಲೆಗಳಾಗುತ್ತವೆ. ಕುಂಡವನ್ನು ಅರ್ಧ ಗಂಟೆ ನೀರಿನ ತಟ್ಟೆಯಲ್ಲಿಟ್ಟು, ಬಳಿಕ ತಟ್ಟೆಯ ನೀರನ್ನು ಚೆಲ್ಲಬೇಕು. ಮೇಲ್ಮಣ್ಣು ಒಣಗಿದ ಮೇಲೆಯೇ ಮುಂದಿನ ನೀರು. ನಮ್ಮ ಬೋರ್‌ವೆಲ್ಲಿನ ಸವುಳು ನೀರಿನಿಂದ ಕುಂಡದ ಅಂಚಿಗೆ ಬಿಳಿಯ ಉಪ್ಪು ಕಟ್ಟುವುದರಿಂದ ನಾನು ಮಳೆನೀರನ್ನು ಹಿಡಿದಿಡುತ್ತೇನೆ. ಏಪ್ರಿಲ್, ಮೇ ತಿಂಗಳ ನಮ್ಮ ಒಣಸೆಕೆಯಲ್ಲಿ ಹರಳುಕಲ್ಲುಗಳನ್ನು ಹರಡಿದ ನೀರಿನ ತಟ್ಟೆಯ ಮೇಲೆ, ತಳ ನೀರಿಗೆ ತಾಗದಂತೆ ಕುಂಡವನ್ನಿಟ್ಟರೆ ಸುತ್ತಲಿನ ಗಾಳಿ ತಂಪಾಗಿರುತ್ತದೆ. ಬಾಡಿದ ಹೂಗಳನ್ನು ಆಗಾಗ ಚಿವುಟಬೇಕು.

ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಮಾಲಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ.

1988ರಲ್ಲಿ ನಮ್ಮ ಪ್ರಸಾದ ನಿಲಯದಲ್ಲಿ ಹತ್ತನೆಯ ತರಗತಿಯ ಒಬ್ಬ ಬಾಲಕನಿದ್ದನು. ಮಳೆಯನ್ನೇ ನಂಬಿದ ಬಡ ಒಕ್ಕಲು ಮನೆತನದವನು; ಗಣಿತ, ವಿಜ್ಞಾನಗಳಲ್ಲಿ ಅಸಾಧಾರಣ ಬುದ್ಧಿ. ಈತನಿಂದ ಶಾಲೆಗೆ ರ‍್ಯಾಂಕ್ ಬರಬೇಕೆಂದು ನಾನು ಪಣ ತೊಟ್ಟೆ. ನಸುಕಿನ ಐದಕ್ಕೆ ಪಾಠ, ರಾತ್ರಿ ಹತ್ತರವರೆಗೆ ಪಾಠ. ಆಟಕ್ಕೆ ಬಿಡಲಿಲ್ಲ, ದೀಪಾವಳಿಗೆ ಊರಿಗೆ ಕಳುಹಿಸಲಿಲ್ಲ. ನವೆಂಬರಿನ ಹೊತ್ತಿಗೆ ಅವನು ಮಂಕಾದನು, ಅಂಕಗಳು ಇಳಿದವು. ನಾನು ಇನ್ನೂ ಒಂದು ಗಂಟೆ ಪಾಠ ಹೆಚ್ಚಿಸಿದೆ. ಜನವರಿಯ ಒಂದು ಬೆಳಿಗ್ಗೆ ಅವನ ಟ್ರಂಕು ಇರಲಿಲ್ಲ. ಆ ವರ್ಷ ಅವನು ಪರೀಕ್ಷೆಗೆ ಕೂಡಲೇ ಇಲ್ಲ. ‘ಕೃತಘ್ನ’ ಎಂಬ ಮಾತನ್ನು ನಾನು ಶಿಕ್ಷಕರ ಕೊಠಡಿಯಲ್ಲಿ ಎಲ್ಲರೆದುರು ಆಡಿದ್ದುಂಟು.

2023ರ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಅವನು ಬಂದಿದ್ದನು. ಐವತ್ತು ದಾಟಿದ ಗೃಹಸ್ಥ. ಸ್ವಂತ ಹೊಲ, ಜೊತೆಗೆ ಪಂಪುಸೆಟ್ಟು ರಿಪೇರಿಯ ಅಂಗಡಿ. ನಾನೇ ಅವನನ್ನು ಹುಣಸೆಮರದ ಕಟ್ಟೆಗೆ ಕರೆದೊಯ್ದು ಕೂರಿಸಿ, ಗಿಡದ ಕಥೆಯನ್ನು ಹೇಳಿ, “ನಿನಗೂ ನಾನು ಹೀಗೆಯೇ ಮಾಡಿದೆನಪ್ಪಾ, ಅತಿಯಾಗಿ ಎರೆದೆ” ಎಂದೆ. ಅವನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದನು. ಅನಂತರ ಮೆಲ್ಲಗೆ ಹೇಳಿದನು: “ನೀವು ಕಲಿಸಿದ್ದು ಹೆಚ್ಚಾಗಿರಲಿಲ್ರಿ, ಸರ್. ಆಗ ನಮ್ಮವ್ವಗ ಭಾಳ ಆರಾಮ ಇರಲಿಲ್ಲ. ಊರಿಗೆ ಹೋಗಿ ಬರ್ತೀನಿ ಅಂತ ಎರಡು ಸಲ ಕೇಳಿದ್ದೆ. ಯಾಕ ಅಂತ ನೀವು ಕೇಳಲಿಲ್ಲ.”

ಆ ತಾಯಿ ಆ ಫೆಬ್ರುವರಿಯಲ್ಲಿಯೇ ತೀರಿಕೊಂಡರಂತೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ನಾನು ನನ್ನ ತಪ್ಪಿಗೆ ‘ಅವನ ತಪ್ಪು’ ಎಂಬ ಹೆಸರಿಟ್ಟಿದ್ದೆ. ಪಶ್ಚಾತ್ತಾಪಪಟ್ಟ ಮೇಲೂ ಅದಕ್ಕೆ ‘ಅತಿಯಾದ ಆರೈಕೆ’ ಎಂಬ ಸುಂದರವಾದ ಹೆಸರನ್ನಿಟ್ಟುಕೊಂಡು ಸಮಾಧಾನಪಟ್ಟಿದ್ದೆ. ಅವನು ಅದನ್ನೂ ತಿದ್ದಿದನು. ಗಿಡದ ಸೀಮೆಯನ್ನು ಕೇಳದೆ ಎರೆಮಣ್ಣು ತುಂಬಿದವನು, ಹುಡುಗನ ಮನೆಯನ್ನು ಕೇಳದೆ ಪಾಠ ತುಂಬಿದ್ದನು. ಅವನಲ್ಲಿ ಕ್ಷಮೆ ಕೇಳಿದೆ. ಅವನು ನನ್ನ ಪಾದ ಮುಟ್ಟಲು ಬಾಗಿದಾಗ ತಡೆದು, ಮನೆಗೆ ಕರೆದೊಯ್ದು ಐದು ಸಸಿಗಳಲ್ಲಿ ಒಂದನ್ನು ಕೊಟ್ಟೆ. ಅದು ಈಗ ಅವನ ಮಗಳ ಕೈಯಲ್ಲಿದೆಯೆಂದೂ, ಎರಡು ಬಾರಿ ಹೂ ಬಿಟ್ಟಿತೆಂದೂ ತಿಳಿದುಬಂದಿದೆ.

ಇನ್ನೊಂದು ಸಸಿಯನ್ನು ನಮ್ಮ ಶಾಲೆಯ ಜೀವಶಾಸ್ತ್ರ ಪ್ರಯೋಗಾಲಯದ ಕಿಟಕಿಯಲ್ಲಿ ಇರಿಸಿದ್ದೇನೆ. ಮಕ್ಕಳು ಒಂದೊಂದು ಎಲೆಯಿಂದ ಹೊಸ ಸಸಿಯನ್ನು ಮಾಡಿ ಕಲಿಯುತ್ತಿದ್ದಾರೆ. ಕುಂಡದ ಕೆಳಗೆ ನಾನು ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಗಿಡದ ಹೆಸರಿಗಿಂತ ಮೊದಲು ಅದರ ಊರನ್ನು ಬರೆದಿದ್ದೇನೆ. ಇಂದಿನ ಶಿಕ್ಷಕ ಬಂಧುಗಳು ಹೊಸ ವರ್ಷದ ಹಾಜರಿ ಪುಸ್ತಕವನ್ನು ತೆರೆಯುವಾಗ ಆ ಕಿಟಕಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಬೇಕೆಂದು ವಿನಂತಿಸುತ್ತೇನೆ.